ಹೋಗಿ ಬರುವ ಸೂಜಿ

ಒಂದಾನೊಂದು ಕಾಲದಲ್ಲಿ, ನೀನು ಈಗಷ್ಟೇ ಅರ್ಧಕ್ಕೇ ನಿಲ್ಲಿಸಿದೆಯಲ್ಲ ಇಂಚರಾ, ಆ ಬಾವಿಗೆ ಬಿದ್ದ ನರಿ ಕತೆ, ಆ ಕುಂಬಳಕಾಯಿ ಕತೆ, ಅವೆರಡಕ್ಕಿಂತಲೂ ಹಿಂದಿನ ಕಾಲದಲ್ಲಿ, ಧಾರವಾಡದ ಕಡೆ ಒಂದೂರಲ್ಲಿ ನೀಲಗಂಗಾ ಅಂತ ಒಬ್ಬ ಹುಡುಗಿ ಇದ್ದಳಂತೆ. ಕಾಲು ಒದೆಯಬೇಡ, ಹೊದಿಕೆ ಜಾರ್ತಿದೆ. ಅಜ್ಜಿಗೆ ಇರೋದು ಒಂದೇ ಬಾಯಿ, ಇದನ್ನಾದರೂ ಪೂರ್ತಿ ಕೇಳು.

ಈ ನೀಲಗಂಗಾಗೆ ಅವ್ವ ಇರಲಿಲ್ಲವಂತೆ. ಅವ್ವ ಹೋಗುವಾಗ ಮಗಳಿಗೆ ಅಂತ ಒಂದು ಕಪ್ಪು ರೇಷ್ಮೆ ಸೀರೆ, ಒಂದು ಸೂಜಿ ಬಿಟ್ಟುಹೋಗಿದ್ದಳಂತೆ. ಆ ಕಡೆ ಹೆಣ್ಣುಮಕ್ಕಳು ಸೆರಗಿಗೆ ಕಸೂತಿ ಹಾಕ್ತಾರಲ್ಲ, ಹಾಗೆ ತಾನೇ ಕೈಯಾರೆ ಕಸೂತಿ ಹಾಕಿ, ಅವ್ವನ ಸೀರೆಯನ್ನೇ ಉಟ್ಟು ಮದುವೆಯಾಗ್ತೀನಿ ಅಂತ ಹುಡುಗಿ ಹಟ ಹಿಡಿದಳಂತೆ. ಅವಳ ಸೋದರತ್ತೆ ದುಂಡವ್ವ ಅಂತ, ಅವಳು ನಕ್ಕು, ಆಗಲಿ ತಾಯಿ, ಆಗದಿದ್ದರೆ ನನ್ನ ಹಳೇ ಸೀರೆ ಇದ್ದೇ ಇದೆಯಲ್ಲ ಅಂದಳಂತೆ. ದುಂಡವ್ವನ ಸೀರೆ ಉಡೋದು ಅಂದರೆ ಏನು ಗೊತ್ತಾ? ಹಸೆಮಣೆ ಮೇಲೆ ಕೂತಾಗಲೂ, ಬೀಗರೆಲ್ಲರ ಎದುರಿಗೆ, ನನ್ನ ಸೀರೆ ಅದು, ಅರಿಶಿನ ತಾಗಿಸಬೇಡ ಅಂತ ಕೂಗ್ತಾಳೆ. ಆಮೇಲೆ ಸಾಯೋತನಕ ಹೇಳ್ತಾಳೆ.

ಆ ಸೂಜಿಗೆ ಮಾತು ಬರ್ತಿತ್ತಂತೆ. ಹೇಗೆ ಅಂತ ಕೇಳಬೇಡ, ಬರ್ತಿತ್ತು ಅಷ್ಟೆ. ಮಾತು ಬರ್ತಿತ್ತು, ತಾಳ್ಮೆ ಮಾತ್ರ ಇರಲಿಲ್ಲ.

ಮೊದಲು ಗೋಪುರ ಹಾಕೋಣ ಅಂತ ಕೂತಳಂತೆ. ಈ ಕಸೂತಿಯಲ್ಲಿ ಎಲ್ಲೂ ಗಂಟು ಹಾಕುವ ಹಾಗಿಲ್ಲ. ಒಂದು ಹೊಲಿಗೆ ಹಾಕಿ, ಒಂದು ಜಾಗ ಖಾಲಿ ಬಿಟ್ಟು, ಹೀಗೇ ಸೂಜಿ ಚಿತ್ರದ ಕೊನೆತನಕ ಹೋಗಬೇಕು, ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬರ್ತಾ ಖಾಲಿ ಬಿಟ್ಟದ್ದನ್ನೆಲ್ಲ ತುಂಬಬೇಕು. ಹುಡುಗಿ ದಿನಾ ಕೂತು, ಕತ್ತು ನೋಯಿಸಿಕೊಂಡು, ಕಳಶದ ತುದಿ ಮುಟ್ಟಿದಳಂತೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪು ಕೇಳೋಕೆ ಬಂದವಳು ಬಗ್ಗಿ ನೋಡಿ, ಅಯ್ಯ, ಗೋಪುರಾನ ಇಲಿ ಕಡಿದ ಹಾಗಿದೆಯಲ್ಲೇ ಅಂದಳಂತೆ. ನೋಡಿದರೆ ಹೌದು, ಇಲ್ಲೊಂದು ಚೂರು, ಅಲ್ಲೊಂದು ಚೂರು. ಸರ್ರಂತ ದಾರ ಎಳೆದೇಬಿಟ್ಟಳಂತೆ. ಏ ಹುಚ್ಚಿ, ನಾನು ಹೋಗಿದ್ದೀನಷ್ಟೆ, ಇನ್ನೂ ಬಂದಿಲ್ಲ ಅಂತ ಸೂಜಿ ಅರಚಿದರೂ ಕೇಳಲಿಲ್ಲವಂತೆ. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಎಳೆದಳು, ಅದಕ್ಕೇನು ಹೇಳ್ತೀಯ!

ಆಮೇಲೆ ಆನೆ ಹಾಕಿದಳಂತೆ. ಸೊಂಡಿಲಿಂದ ಹೊರಟು, ಬೆನ್ನು ಹತ್ತಿ ಇಳಿದು, ಬಾಲದ ತನಕ ಬಂದಳಂತೆ. ಈಗ ತಿರುಗಬೇಕು ಅನ್ನುವಾಗ ಅವಳಿಗೆ ಆನೆ ಅಂದರೆ ಬೇಜಾರು ಬಂತಂತೆ. ಗೆಳತಿ ಸೆರಗಲ್ಲಿ ನವಿಲು ಕುಣೀತಿತ್ತು, ಅದರ ಮುಂದೆ ನನ್ನ ಆನೆ ಯಾವ ಲೆಕ್ಕ ಅಂತ ಮತ್ತೆ ದಾರ ಎಳೆದಳಂತೆ. ದಾರ ಹೋಯ್ತು, ಸೂಜಿ ಚುಚ್ಚಿದ ತೂತು ಮಾತ್ರ ಹಾಗೇ ಉಳೀತು.

ಏನು? ಈ ಕತೆ ಬೇಡ, ಬೇರೆ ಹೇಳಬೇಕಾ? ಇಲ್ಲ. ಹೇಳೋದಿಲ್ಲ. ಸೀರೆಯಲ್ಲಿ ಬರೀ ತೂತು ಬಿಟ್ಟು ಯಾರಾದರೂ ಮಲಗ್ತಾರಾ? ಸುಮ್ಮನೆ ಕೇಳು.

ಆಮೇಲೆ ಮೂರನೇದು ನವಿಲು. ಮದುವೆ ಹತ್ತಿರ ಬಂತು, ಅಂಗಳಕ್ಕೆ ಹಂದರದ ಗಳ ಬಂತು, ಇವಳ ಸೂಜಿ ಕೊಕ್ಕಿಂದ ಹೊರಟು ಗರಿಯ ತುದಿ ಮುಟ್ಟಿತಂತೆ. ಆಗ ದುಂಡವ್ವ ಹಳೇ ಸೀರೆ ಕಂಕುಳಲ್ಲಿಟ್ಟುಕೊಂಡೇ ಬಂದು, ಇದು ನವಿಲೋ, ಪುಕ್ಕ ಉದುರಿದ ಕೋಳಿಯೋ, ಇರಲಿ ಬಿಡು, ನನ್ನದನ್ನೇ ಉಟ್ಟುಕೋ, ಊಟಕ್ಕೆ ಕೂರುವಾಗ ಮಾತ್ರ ಸೆರಗು ಜೋಪಾನ ಅಂದು, ಸೀರೆಯನ್ನು ಗೂಟಕ್ಕೆ ನೇತುಹಾಕಿ ಹೋದಳಂತೆ.

ಹುಡುಗಿ ಅಳ್ತಾ ಅಳ್ತಾ ದಾರಕ್ಕೆ ಕೈ ಹಾಕಿದಳಂತೆ. ಸೂಜಿ ಅವಳ ಬೆರಳಿಗೆ ಚುಚ್ಚಿತಂತೆ. ಚುಚ್ಚಿ, ಎಳಿ ನೋಡೋಣ ಅಂದಿತಂತೆ. ನಿನ್ನ ಕೈಯಲ್ಲಿ ಹೋಗಿ ಹೋಗಿ ನನ್ನ ಮೂಗು ಮೊಂಡಾಯ್ತು, ಒಂದು ಸಲವಾದರೂ ತಿರುಗಿ ಮನೆಗೆ ಬಂದಿದ್ದೀನಾ ನಾನು? ಗೋಪುರದಲ್ಲೂ ತುದಿಗೆ ಬಿಟ್ಟೆ, ಆನೆಯಲ್ಲೂ ತುದಿಗೆ ಬಿಟ್ಟೆ, ನಿನಗೆ ಬೇಜಾರು ಬರೋದಕ್ಕೆ ಅದೊಂದೇ ಜಾಗ ಸಿಗೋದಾ?

ಇಷ್ಟು ಕೆಲಸ ಮಾಡಿದರೂ ಏನೂ ಆಗಿಲ್ಲವಲ್ಲೇ ಅಂತ ಹುಡುಗಿ ಬಿಕ್ಕಿದಳಂತೆ.

ಸೆರಗು ತಿರುಗಿಸು ಅಂದಿತಂತೆ ಸೂಜಿ.

ತಿರುಗಿಸಿದಳಂತೆ. ಮುಂದೆ ಎಲ್ಲೆಲ್ಲಿ ಖಾಲಿಯೋ, ಹಿಂದೆ ಅಲ್ಲಲ್ಲೇ ಕೆಂಪು ದಾರ ಕೂತಿತ್ತಂತೆ. ಒಂದು ಜಾಗವೂ ತಪ್ಪದೆ. ಅವಳು ಇಲ್ಲ ಇಲ್ಲ ಅಂತ ಅತ್ತದ್ದೆಲ್ಲ ಆ ಕಡೆ ಇತ್ತಂತೆ, ಅವಳು ನೋಡಿರಲೇ ಇಲ್ಲ.

ಹುಡುಗಿ ಮೂಗು ಒರೆಸಿಕೊಂಡು, ಸೂಜಿಯ ಮುಖ ತಿರುಗಿಸಿದಳಂತೆ. ಒಮ್ಮೆಲೇ ಹುಮ್ಮಸ್ಸು ಬಂತು ಅಂದುಕೊಂಡೆಯಾ? ಏನೂ ಇಲ್ಲ. ಬೇಜಾರು ಹಾಗೇ ಇತ್ತಂತೆ. ಗೊಣಗ್ತಾ ಒಂದು ಖಾಲಿ ತುಂಬೋದು, ಆಮೇಲೆ ಅದರ ಪಕ್ಕದ್ದು. ಕೆಲವು ಸಂಜೆ ಒಂದೇ ಗರಿ. ಅವಳು ಗೊಣಗೋದು, ಸೂಜಿ ಬೈಯೋದು, ಹೀಗೇ ಜಗಳವಾಡ್ತಾ ಇಬ್ಬರೂ ಗರಿಯಿಂದ ಕತ್ತಿಗೆ, ಕತ್ತಿನಿಂದ ಕೊಕ್ಕಿಗೆ ಬಂದರಂತೆ. ದಿಬ್ಬಣದವರ ಓಲಗ ಊರ ಬಾಗಿಲಲ್ಲಿ ಕೇಳಿಸುವಾಗ ಕೊನೆಯ ಹೊಲಿಗೆ ಬಿತ್ತಂತೆ.

ನೀಲಗಂಗಾ ಅವ್ವನ ಸೀರೆ ಉಟ್ಟು ಹಸೆಮಣೆ ಏರಿದಳಂತೆ. ದುಂಡವ್ವ ಸೆರಗು ಹಿಡಿದು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಯಾವುದು ಮುಂದು, ಯಾವುದು ಹಿಂದು ತಿಳೀಲಿಲ್ಲ, ಗಂಟೂ ಸಿಗಲಿಲ್ಲ. ಕೊನೆಗೆ, ಇಲ್ಲೇನೋ ತೂತಿವೆಯಲ್ಲೇ ಅಂದಳಂತೆ, ಅವಳು ಬಿಡ್ತಾಳಾ! ಅವು ನನ್ನ ಗೋಪುರ, ನನ್ನ ಆನೆ, ಅತ್ತೆ, ಜಾಗ ಹಿಡಿದು ಕೂತಿವೆ ಅಂದಳಂತೆ ನೀಲಗಂಗಾ. ಆಮೇಲೆ ಗಂಡನ ಮನೆಯಲ್ಲಿ ಆ ತೂತುಗಳನ್ನೇ ಹಿಡಿದು ಹೋಗಿ, ಹಾಗೇ ತಿರುಗಿ ಬಂದು, ಎರಡನ್ನೂ ಮುಗಿಸಿ ಸುಖವಾಗಿದ್ದಳಂತೆ. ಸೂಜಿ ಮಾತ್ರ ಕೊನೆತನಕ ಬೈತಾನೇ ಇತ್ತಂತೆ.

ಏನು, ನರಿ ಏನಾಯ್ತಾ? ಈಗ ಕೇಳ್ತೀಯಲ್ಲ! ನೀನು ಬಿಟ್ಟ ಬಾವಿಯಲ್ಲೇ ಕೂತಿದೆ, ಎಲ್ಲೂ ಓಡಿಹೋಗೋದಿಲ್ಲ. ಕಣ್ಣು ಮುಚ್ಚು. ಇವತ್ತು ಇದೊಂದು ಕತೆಯಾದರೂ ಮುಗೀತು.