ಹಾಳೆ ಕೀಳದ ಫೋನು

ಪಂಕಜಾಕ್ಷಿ ಟೀಚರ್ ಹೊಸ ಫೋನು ಕೊಂಡರು. ಹಿಡಿಸದಿದ್ದರೆ ಹತ್ತು ದಿನದೊಳಗೆ ವಾಪಸ್ ಕೊಡಬಹುದು, ಆದರೆ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿರಬಾರದು ಎಂದಿದ್ದರು ಅಂಗಡಿಯವರು. ಟೀಚರ್ ಹಾಳೆ ಕೀಳಲಿಲ್ಲ. "ಇಟ್ಟುಕೊಳ್ಳಲೋ, ಕೊಟ್ಟುಬಿಡಲೋ?" ಎಂದು ಬಂಧುಬಳಗವನ್ನೆಲ್ಲ ಕೇಳಿದರು, ಅದೂ ಆ ಫೋನಿನಿಂದಲೇ.

ಕೇಳುತ್ತ ಕೇಳುತ್ತ ಹತ್ತನೆಯ ದಿನವೂ ಮುಗಿದು ಅಂಗಡಿ ಬಾಗಿಲು ಹಾಕಿತು. ಮೇಜಿನ ಮೇಲಿದ್ದ ಫೋನು ಪಕ್ಕದ ಟೀವಿ ರಿಮೋಟಿಗೆ ಹೇಳಿತು: "ಉಳಿದುಕೊಂಡೆ ಅಣ್ಣಾ! ಇನ್ನು ನಾನು ಈ ಮನೆಯವನೇ. ನಾಳೆ ಹಾಳೆ ಕೀಳುತ್ತಾರೆ, ಎಲ್ಲರಿಗೂ ನನ್ನ ನಿಜವಾದ ಹೊಳಪು ತೋರಿಸುತ್ತೇನೆ."

"ಕೀಳುತ್ತಾರೆ ಅಂತ ಯಾರು ಹೇಳಿದರು?" ಎಂದು ರಿಮೋಟು ತನ್ನ ಪ್ಲಾಸ್ಟಿಕ್ ಕವರಿನೊಳಗಿಂದಲೇ ಕೇಳಿತು.

"ಗಡುವು ಮುಗಿಯಿತಲ್ಲ! ಇನ್ನು ಹಾಳೆ ಯಾಕೆ ಇಟ್ಟುಕೊಳ್ಳುತ್ತಾರೆ?"

ಅಷ್ಟರಲ್ಲಿ ಟೀಚರ್ ಬಂದರು. ಮೂಲೆಯಲ್ಲಿ ಏಳುತ್ತಿದ್ದ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿ, "ಹೊಸದಲ್ಲವೇ, ಇರಲಿ" ಎಂದುಕೊಂಡು ಹೋದರು.



"ಬೇಜಾರು ಮಾಡಿಕೊಳ್ಳಬೇಡ ತಮ್ಮಾ," ಎಂದಿತು ರಿಮೋಟು. "ನಾನು ಬಂದು ಹನ್ನೊಂದು ವರ್ಷವಾಯಿತು. ನನ್ನ ಟೀವಿ ಗುಜರಿಗೆ ಹೋಗಿಯೂ ಆಯಿತು. ನಾನಿನ್ನೂ ಹೊಸಬನೇ."