ಫೋಟೋಗೆ ತೆಗೆದ ದೃಷ್ಟಿ

ನಿವೃತ್ತ ತಹಸೀಲ್ದಾರ್ ಪಂಚಾಕ್ಷರಯ್ಯನವರ ಹೊಸ ಸ್ಟೀರಿಯೋ ಹಾಡಿನ ಜೊತೆಗೆ ‘ಗುಂಯ್’ ಅಂತಲೂ ಅನ್ನುತ್ತಿತ್ತು.

“ನಿನ್ನ ಮಿಕ್ಸಿಯದೇ ಕಿತಾಪತಿ! ಈ ಗುಂಯ್ ನಿಲ್ಲೋವರೆಗೂ ಒರಳಲ್ಲೇ ರುಬ್ಬು” ಎಂದು ಅಡುಗೆಯ ಸಾಕಮ್ಮನಿಗೆ ಅಪ್ಪಣೆಯಾಯಿತು.

ರುಬ್ಬಿ ರುಬ್ಬಿ ಸಾಕಮ್ಮನ ರಟ್ಟೆ ಬಿದ್ದುಹೋಯಿತು. ಗುಂಯ್ ಮಾತ್ರ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಸ್ಟೀರಿಯೋ ಹಾಡುತ್ತಿದ್ದಾಗಲೇ, ಸಾಹೇಬರ ಸನ್ಮಾನದ ಫೋಟೋ ಒರೆಸಲು ಅದರ ಸುತ್ತಲಿನ ಮಿಣಿಮಿಣಿ ದೀಪದ ಸರ ಆರಿಸಿದಳು. ಗುಂಯ್ ನಿಂತಿತು. ಹಾಕಿದಳು. ಮತ್ತೆ ಗುಂಯ್! ಆದರೆ ‘ನಿಮ್ಮ ಫೋಟೋ ದೀಪದ್ದೇ ತಪ್ಪು’ ಅಂದರೆ ಕೆಲಸ ಹೋದ ಹಾಗೇ.

ಉಪ್ಪು, ಮೆಣಸಿನಕಾಯಿ ಹಿಡಿದು ಬಂದಳು. “ಬಂದೋರೆಲ್ಲ ನಿಮ್ಮ ಫೋಟೋನೇ ನೋಡ್ತಾರೆ ಬುದ್ಧಿ. ಅಷ್ಟು ಜನರ ಕಣ್ಣು ತಗುಲಿ ಹಾಡೋ ಪೆಟ್ಟಿಗೆ ನರಳ್ತಾ ಇದೆ. ದೀಪ ಆರಿಸಿ, ದೃಷ್ಟಿ ತೆಗೀತೀನಿ.”

ಸಾಹೇಬರು ಉಬ್ಬಿಹೋಗಿ ತಾವೇ ಸ್ವಿಚ್ ಒತ್ತಿದರು. ಸಾಕಮ್ಮ ಫೋಟೋಗೆ ನಿವಾಳಿಸಿದಳು. ಹಾಡು ಬಿಟ್ಟರೆ ಬೇರೆ ಸದ್ದಿಲ್ಲ.

“ಮತ್ತೆ ದೀಪ ಹಾಕಲೇ?”

“ಬೇಡ ಬುದ್ಧಿ. ಬೆಳಕಿದ್ರೆ ತಾನೇ ಕಣ್ಣು ಬೀಳೋದು?”

ಈಗ ಬಂದವರಿಗೆಲ್ಲ ಸಾಹೇಬರು ಆ ಮಬ್ಬು ಫೋಟೋ ತೋರಿಸಿ, “ದೀಪ ಹಾಕೋ ಹಾಗಿಲ್ಲ. ನನ್ನ ಮುಖದ ಕಳೆ ಸ್ಟೀರಿಯೋ ತಡೆಯೋಲ್ಲ” ಎನ್ನುತ್ತಾರೆ.

ಒಳಗೆ ಸಾಕಮ್ಮನ ಮಿಕ್ಸಿ ಗುರ್ರ್ ಎನ್ನುತ್ತದೆ.