ಹುಳಿಯಾದ ಗಡಿಗೆ

ಹೊಳೆದಂಡೆಯ ಗುಡಿಸಲಿನಲ್ಲಿ ಪುಟ್ಟೀರಮ್ಮ ಎಂಬ ಅಜ್ಜಿ ಇದ್ದಳು. ಮೊಳಕೆ ರಾಗಿಯಿಂದ ಅವಳು ಮಾಡುವ ಬಿಯರ್ ಇಲ್ಲದೆ ಆ ಸೀಮೆಯವರು ಹಿರಿಯರಿಗೆ ಎಡೆ ಇಡುತ್ತಿರಲಿಲ್ಲ. ಈಗ ಅವಳಿಗೆ ಗಡಿಗೆ ಎತ್ತುವ ಶಕ್ತಿ ಉಳಿದಿರಲಿಲ್ಲ. ಕಲಿಯಲು ಬಂದವನು ದ್ಯಾವಯ್ಯ ಒಬ್ಬನೇ.

ದ್ಯಾವಯ್ಯನ ಮೊದಲ ಗಡಿಗೆ ಹುಳಿಯಾಯಿತು. ಮೂಗು ಮುಚ್ಚಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದ.

“ಏನಾಗಿತ್ತು?” ಅಜ್ಜಿ ಕೇಳಿದಳು.

“ಕೆಟ್ಟಿತ್ತು.”

“ಅದು ಗೊತ್ತಾಯ್ತು. ಏನಾಗಿತ್ತು?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮುಂದಿನ ಗಡಿಗೆ ಚೆನ್ನಾಗಿ ಬಂತು. ಹದವಾದ ನೊರೆ, ಜೇನಿನಂಥ ಪರಿಮಳ. ಹಿಗ್ಗುತ್ತ ತಂದು ಅಜ್ಜಿಯ ಮುಂದಿಟ್ಟ.

“ಹೇಗೆ ಮಾಡಿದೆ?”

“ನೀವು ಹೇಳಿದ ಹಾಗೇ.”

“ಹುಳಿಯಾದದ್ದನ್ನೂ ನಾನು ಹೇಳಿದ ಹಾಗೇ ಮಾಡಿದ್ದೆ ಅಲ್ವಾ?”

ದ್ಯಾವಯ್ಯನ ಹಿಗ್ಗು ಇಳಿದುಹೋಯಿತು.

ಅದರ ನಂತರದ್ದು ಮತ್ತೆ ಹುಳಿ. ಅದೇ ರಾಗಿ, ಅದೇ ನೀರು, ಅದೇ ಹೆಪ್ಪು. ಎಲ್ಲಿ ಎಡವಿದೆ ಎಂದು ಎಷ್ಟು ಯೋಚಿಸಿದರೂ ತಲೆಗೆ ಹತ್ತಲಿಲ್ಲ. ಎಡೆಯ ದಿನ ಬೇರೆ ಹತ್ತಿರ ಬರುತ್ತಿತ್ತು.

“ಅಜ್ಜಿ, ನನ್ನ ಕೈಗುಣವೇ ಸರಿಯಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ,” ಎಂದು ಗಡಿಗೆ ಎತ್ತಿಕೊಂಡು ತಿಪ್ಪೆಯ ಕಡೆ ಹೊರಟ.

ಅಜ್ಜಿ ಅಡ್ಡ ನಿಂತಳು. ಚಿಪ್ಪಿನಲ್ಲಿ ಮೊಗೆದು, ಮುಖ ಕಿವುಚದೆ, ನಿಧಾನವಾಗಿ ಕುಡಿದಳು. ಮತ್ತೆ ಮೊಗೆದು ಅವನಿಗೆ ಚಾಚಿದಳು.

“ಕುಡಿ.”

“ಕೆಟ್ಟದ್ದನ್ನಾ?”

“ಚೆನ್ನಾಗಿರೋದನ್ನ ಎಲ್ಲರೂ ಕುಡಿತಾರೆ.”

ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ. ಉಗುಳಿಬಿಡೋಣ ಅನ್ನಿಸಿತು. ತಡೆದುಕೊಂಡ. ಇನ್ನೊಂದು ಗುಟುಕನ್ನು ನಾಲಗೆಯ ಮೇಲೇ ಇಟ್ಟುಕೊಂಡು ನಿಂತ.

“ಅಜ್ಜಿ, ಇದು ಮೊಸರಿನ ಹುಳಿ!”

ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮೂಸಿದ.

“ಇದು ಮೊಸರಿನ ಕುಡಿಕೆಯ ಬಟ್ಟೆ. ತೊಳೆದೇ ಇರಲಿಲ್ಲ. ಚೆನ್ನಾಗಿ ಬಂದ ಸಲ ಇದು ಕೈಗೆ ಸಿಗಲಿಲ್ಲ ಅಂತ ಹೊಸ ಪಂಚೆ ಹರಿದು ಕಟ್ಟಿದ್ದೆ. ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀನು ಬಟ್ಟೆ ಬದಲಾಯಿಸ್ತಿದ್ದೆ. ಅಷ್ಟೇ.”

ಬೇಕಾದದ್ದು ಅದೇ ತಾನೇ? ದ್ಯಾವಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಗಡಿಗೆಯನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದ, ಬಟ್ಟೆ ಕುದಿಸಿ ಒಣಗಿಸಿದ, ಮತ್ತೆ ರಾಗಿ ನೆನೆಹಾಕಿದ.

ಎಡೆಯ ದಿನ ಅವನ ಬಿಯರನ್ನೇ ಹಿರಿಯರ ಮುಂದಿಟ್ಟರು. ಪ್ರಸಾದವೆಂದು ಕುಡಿದವರು ಮತ್ತೊಮ್ಮೆ ಕೈಯೊಡ್ಡಿದರು. ಎಲ್ಲರೂ ಹೋದ ಮೇಲೆ ದ್ಯಾವಯ್ಯ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದ.

“ಇನ್ನು ಮೇಲೆ ನನ್ನ ಗಡಿಗೆ ಕೆಡೋದಿಲ್ಲ ಅಲ್ವಾ ಅಜ್ಜಿ?”

ಪುಟ್ಟೀರಮ್ಮ ಅವನ ತಲೆ ಸವರಿದಳು.

“ಹೀಗಂತೂ ಕೆಡೋದಿಲ್ಲ.”